ಐವರು ಹೆಂಡಿರ ದೇವರು, ಒಬ್ಬಳೇ ಸಾಕೆಂದ ಗೃಹಸ್ಥ

ನಮ್ಮ ಮನೆದೇವರು ದೇವರಗುಡ್ಡದ ಮಾಲತೇಶ. ಹಡಗಲಿ ಕಡೆ ಹೋದರೆ ಅವನೇ ಮೈಲಾರಲಿಂಗ, ಮಹಾರಾಷ್ಟ್ರದಲ್ಲಿ ಖಂಡೋಬಾ. ಪುಣೆ ಹತ್ತಿರ ಖಂಡೋಬನ ಬೆಟ್ಟದ ಗುಡಿ ಇರುವ ಜೇಜುರಿಗೆ ಹೋಗಿ ಬರುವ ಮಾತು ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಇತ್ತು. ಈ ಸಲ ಅತ್ತಿಗೆಯೇ ಟಿಕೆಟ್ ಮಾಡಿಸಿದರು. ಅವರು ರಾಣೆಬೆನ್ನೂರಿನಲ್ಲಿ ವಕೀಲರು, ಜೀವನಾಂಶದ ಕೇಸುಗಳೇ ಜಾಸ್ತಿ. "ಎರಡು ಹೆಂಡಿರ ಗಂಡಂದಿರನ್ನ ಕೋರ್ಟಿನಾಗ ದಿನಾ ನೋಡ್ತೀನಿ. ಐದು ಹೆಂಡಿರ ದೇವರನ್ನೂ ಒಂದ್ಸಲ ನೋಡಿ ಬರೋಣ ಬಾ" ಅಂದರು. ಪುಣೆಯ ಹಡಪ್ಸರ್‌ನಲ್ಲಿ ಸೋದರತ್ತೆಯ ಮಗ ಪ್ರಕಾಶಣ್ಣ ಇದ್ದಾನೆ. ಹಾಗಾಗಿ ಉಳಿಯುವ ಚಿಂತೆ ಇರಲಿಲ್ಲ.

ರೈಲಿನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕರಾಡ ದಾಟುವಾಗ ಮಾತ್ರ ಅತ್ತಿಗೆ ನನ್ನನ್ನು ತಟ್ಟಿ ಎಬ್ಬಿಸಿದರು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ ಚಂದಲದೇವಿಯನ್ನು ಮದುವೆಯಾಗಿ ತಂದದ್ದು ಇಲ್ಲಿಂದ. ಆಗ ಇದು ಕರಹಾಟ, ಶಿಲಾಹಾರರ ಊರು. ಅವನ ಇನ್ನೊಬ್ಬ ರಾಣಿ ಗೋವೆಯ ಕದಂಬ ಜಯಕೇಶಿಯ ಮಗಳು. ಮುಂದೆ ತನ್ನ ಮಗಳು ಮೈಲಲದೇವಿಯನ್ನು ಅದೇ ಕದಂಬರ ಮನೆಗೆ, ಎರಡನೇ ಜಯಕೇಶಿಗೆ ಕೊಟ್ಟ. ರಾಜ್ಯದ ಗಡಿಗೆಲ್ಲ ಬೀಗರನ್ನು ಮಾಡಿಕೊಂಡಿದ್ದ ಪುಣ್ಯಾತ್ಮ. ಶಾಲೆಯಲ್ಲಿ ಇವನ ಯುದ್ಧಗಳನ್ನು ಬಾಯಿಪಾಠ ಮಾಡಿದ್ದೆವು. ಹೆಂಡಿರೂ ಆ ರಾಜಕೀಯದ ಭಾಗ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಶಿವಾಜಿ ಮಹಾರಾಜರದ್ದೂ ಎಂಟು ಮದುವೆ. ನಿಂಬಾಳ್ಕರ್, ಮೋಹಿತೆ, ಶಿರ್ಕೆ, ಪಾಲ್ಕರ್, ಜಾಧವ, ಗಾಯಕವಾಡ ಹೀಗೆ ದೊಡ್ಡ ದೊಡ್ಡ ಮರಾಠಾ ಮನೆತನಗಳ ಹೆಣ್ಣುಮಕ್ಕಳು.

ಪುಣೆಯಲ್ಲಿ ಮೊದಲು ನೋಡಿದ್ದು ಶನಿವಾರವಾಡ. ಮರಾಠಾ ರಾಜ್ಯದ ಪ್ರಧಾನಿಗಳಾಗಿದ್ದ ಪೇಶ್ವೆಗಳ ಅರಮನೆ, 1732ರಲ್ಲಿ ಮುಗಿದದ್ದು. ಹೊರಗಿನಿಂದ ಗೋಡೆ, ಬುರುಜು, ಆನೆ ನುಗ್ಗದಂತೆ ಚೂಪು ಮೊಳೆ ಹೊಡೆದ ದಿಲ್ಲಿ ದರವಾಜಾ ಎಲ್ಲ ಗಟ್ಟಿಯಾಗಿವೆ. ಒಳಗೆ ಹೋದರೆ ಅರಮನೆಯೇ ಇಲ್ಲ. 1828ರ ಬೆಂಕಿಯಲ್ಲಿ ಸುಟ್ಟು ಹೋಯಿತು. ಕಲ್ಲಿನ ಪಾಯ, ಹುಲ್ಲುಹಾಸು, ನೀರಿಲ್ಲದ ಕಾರಂಜಿ, ಸೆಲ್ಫಿ ತೆಗೆದುಕೊಳ್ಳುವ ಕಾಲೇಜು ಹುಡುಗರು.

ನಮಗೆ ಬೇಕಾಗಿದ್ದದ್ದು ಇನ್ನೊಂದು ಬಾಗಿಲು. ಅದರ ಹೆಸರು ಮಸ್ತಾನಿ ದರವಾಜಾ. ಪೇಶ್ವೆ ಒಂದನೇ ಬಾಜೀರಾಯನ ಮೊದಲ ಹೆಂಡತಿ ಕಾಶೀಬಾಯಿ. ಮಸ್ತಾನಿ ಆಮೇಲೆ ಬಂದವಳು, ಬುಂದೇಲಖಂಡದ ಛತ್ರಸಾಲನ ಮಗಳು, ತಾಯಿ ಮುಸ್ಲಿಂ ಅನ್ನುತ್ತಾರೆ. ಪೇಶ್ವೆ ಮನೆತನ ಅವಳನ್ನು ಸೊಸೆ ಅಂತ ಒಪ್ಪಲೇ ಇಲ್ಲ. 1740ರಲ್ಲಿ ಬಾಜೀರಾಯ ತೀರಿಕೊಂಡ, ಅದೇ ವರ್ಷ ಮಸ್ತಾನಿಯೂ ಹೋದಳು. ಅವಳ ಪುಟ್ಟ ಮಗ ಶಂಶೇರ್ ಬಹಾದ್ದೂರನನ್ನು ಸಾಕಿದವಳು ಯಾರು ಅಂತೀರಿ? ಸವತಿ ಕಾಶೀಬಾಯಿ. ಆ ಹುಡುಗ ಮುಂದೆ ಮರಾಠರ ಪರವಾಗಿ ಪಾಣಿಪತ್‌ನಲ್ಲಿ ಹೋರಾಡಿ 1761ರಲ್ಲಿ ಸತ್ತ.

ಇಲ್ಲಿ ಅತ್ತಿಗೆ ಒಂದು ಮಾತು ಹೇಳಿದರು, ನನಗೆ ಸರಿ ಅನ್ನಿಸಿತು. ಆ ಮನೆತನಕ್ಕೆ ಎರಡನೇ ಹೆಂಡತಿ ಅನ್ನುವುದೇ ತಕರಾರಾಗಿದ್ದರೆ ಬಾಜೀರಾಯನ ಮಗ ನಾನಾಸಾಹೇಬನಿಗೂ ಅದೇ ಗತಿಯಾಗಬೇಕಿತ್ತು. ಅವನು ಮೊದಲ ಹೆಂಡತಿ ಗೋಪಿಕಾಬಾಯಿ ಬದುಕಿರುವಾಗಲೇ 1760ರಲ್ಲಿ ಪೈಠಣದಲ್ಲಿ ರಾಧಾಬಾಯಿಯನ್ನು ಮದುವೆಯಾದ. ಅವಳು ಬ್ರಾಹ್ಮಣ ಕುಲದ ಹುಡುಗಿ. ಅವಳಿಗಾಗಿ ಬೇರೆ ಬಾಗಿಲು ಕಟ್ಟುವ ಪ್ರಸಂಗ ಬರಲಿಲ್ಲ.

ಅಲ್ಲಿಂದ ಆಟೋದಲ್ಲಿ ಗಂಜ್ ಪೇಠ್‌ನ ಫುಲೆವಾಡ. ದೂರ ಏನಿಲ್ಲ, ಟ್ರಾಫಿಕ್ ಮಾತ್ರ ಜೀವ ತಿಂತು. ಶನಿವಾರವಾಡದ ಜನಜಂಗುಳಿ ಇಲ್ಲಿಲ್ಲ. ಅಂಗಳ, ಬಾವಿ, ಹಂಚಿನ ಮಾಡಿನ ತಗ್ಗು ಮನೆ, ಜೋತಿಬಾ ಫುಲೆಯವರ ಸಮಾಧಿ. ಅವರ ಹೆಂಡತಿ ಸಾವಿತ್ರಿಬಾಯಿಗೆ ಮಕ್ಕಳಾಗಲಿಲ್ಲ. ಇನ್ನೊಂದು ಮದುವೆ ಮಾಡಿಕೋ ಅಂತ ಮನೆಯವರೆಲ್ಲ ಗಂಟು ಬಿದ್ದರು. ಆ ಕಾಲಕ್ಕೆ ಅದು ಧರ್ಮಕ್ಕೂ ಸರಿ, ಕಾನೂನಿಗೂ ಸರಿ. ಜೋತಿಬಾ ಆಗುವುದಿಲ್ಲ ಅಂದುಬಿಟ್ಟರು. ಬಸಿರಾದ ವಿಧವೆಯರು ಕೂಸನ್ನು ಕೊಲ್ಲದೆ ಹೆತ್ತು ಹೋಗಲಿ ಅಂತ 1863ರಲ್ಲೇ ಗಂಡ ಹೆಂಡತಿ ಸೇರಿ ಒಂದು ಆಶ್ರಯ ನಡೆಸುತ್ತಿದ್ದರು. ಅಂಥ ಒಬ್ಬ ಬ್ರಾಹ್ಮಣ ವಿಧವೆಯ ಮಗ ಯಶವಂತನನ್ನು 1874ರಲ್ಲಿ ದತ್ತು ತೆಗೆದುಕೊಂಡರು. ಗಂಡಸು ಎರಡು ಮೂರು ಹೆಂಡಿರನ್ನು ತರುವ ಹಾಗೆ ಹೆಂಗಸೂ ಎರಡು ಮೂರು ಗಂಡಂದಿರನ್ನು ಮನೆಗೆ ತಂದರೆ ನೀವು ಸುಮ್ಮನಿರುತ್ತೀರಾ ಅಂತ ತಮ್ಮ ಬರಹದಲ್ಲಿ ಕೇಳಿದ್ದಾರೆ ಜೋತಿಬಾ. ಅತ್ತಿಗೆ ಆ ಬಾವಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಅವರ ಕಕ್ಷಿದಾರರಲ್ಲಿ ಅರ್ಧಕ್ಕರ್ಧ ಹೆಂಗಸರ ಕಥೆ "ಮಕ್ಕಳಾಗಲಿಲ್ಲ" ಅಂತಲೇ ಶುರುವಾಗುವುದು.

ಸಂಜೆ ಪ್ರಕಾಶಣ್ಣನ ಮನೆಯಲ್ಲಿ ರೊಟ್ಟಿ, ಹೆಸರುಕಾಳು ಪಲ್ಯ, ಜೊತೆಗೆ ವಾದ. ಪಕ್ಕದ ಮನೆಯವರೊಬ್ಬರು ಬಂದಿದ್ದರು, ಇಂಡಿ ಕಡೆಯವರು. "ಎರಡು ಮೂರು ಹೆಂಡ್ತಿ ಅನ್ನೋದು ಸಾಬರ ಪದ್ಧತಿ ಬಿಡ್ರಿ" ಅಂದರು. ಅತ್ತಿಗೆ ರೊಟ್ಟಿ ಮುರಿಯುತ್ತಲೇ ಲೆಕ್ಕ ಹೇಳಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆ ಅಂದವರು ದೇಶದಲ್ಲಿ ಶೇ. 1.4. ಹಿಂದೂ ಹೆಂಗಸರಲ್ಲಿ 1.3, ಮುಸ್ಲಿಮರಲ್ಲಿ 1.9, ಕ್ರೈಸ್ತರಲ್ಲಿ 2.1, ಪರಿಶಿಷ್ಟ ಪಂಗಡಗಳಲ್ಲಿ 2.4. ಎಲ್ಲಕ್ಕಿಂತ ಜಾಸ್ತಿ ಮೇಘಾಲಯದಲ್ಲಿ, 6.1. ಅಂದರೆ ಧರ್ಮಕ್ಕಿಂತ ಊರು, ಬುಡಕಟ್ಟು ನೋಡಬೇಕು. ಕುರಾನ್ ನಾಲ್ವರವರೆಗೆ ಬಿಡುತ್ತದೆ ನಿಜ. ಸಮನಾಗಿ ನೋಡಿಕೊಳ್ಳಲು ಆಗದು ಅನ್ನುವ ಭಯವಿದ್ದರೆ ಒಬ್ಬಳೇ ಅಂತಲೂ ಅಲ್ಲೇ ಇದೆ. ಟರ್ಕಿ 1926ರಲ್ಲಿ, ಟ್ಯುನೀಷಿಯಾ 1956ರಲ್ಲಿ ಬಹುಪತ್ನಿತ್ವ ನಿಷೇಧಿಸಿದವು. ಅತ್ತ ಅಮೆರಿಕದ ಯೂಟಾದಲ್ಲಿ ಮೋರ್ಮನ್ ಕ್ರೈಸ್ತರು 1890ರವರೆಗೆ ಅದನ್ನು ಧರ್ಮ ಅಂತಲೇ ನಡೆಸಿಕೊಂಡು ಬಂದಿದ್ದರು.

"ಇದೇ ಪುಣೆ ನೋಡ್ರಿ" ಅಂತ ಅತ್ತಿಗೆ ಮುಂದುವರಿಸಿದರು. ಮುಸ್ಲಿಂ ಸುಧಾರಕ ಹಮೀದ್ ದಳವಾಯಿ 1970ರಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಲ ಕಟ್ಟಿದ್ದು ಇಲ್ಲಿ. ಫುಲೆಯವರ ಸತ್ಯಶೋಧಕ ಸಮಾಜದ ನೆನಪಿನಲ್ಲೇ ಆ ಹೆಸರು. ಅದಕ್ಕೂ ಮೊದಲು, 1966ರ ಏಪ್ರಿಲ್ 18ರಂದು, ಅವರು ಏಳು ಮುಸ್ಲಿಂ ಹೆಂಗಸರನ್ನು ಕರೆದುಕೊಂಡು ಮುಂಬೈಯಲ್ಲಿ ಶಾಸನಸಭೆಗೆ ಮೆರವಣಿಗೆ ಹೋಗಿದ್ದರು. ತಲಾಖ್ ನಿಲ್ಲಲಿ, ಬಹುಪತ್ನಿತ್ವ ನಿಲ್ಲಲಿ ಅನ್ನುವುದು ಅವರ ಬೇಡಿಕೆ. ಬರೀ ಏಳೇ ಜನ. ಆ ಕಾಲದಲ್ಲಿ ಬೀದಿಗೆ ಬರಲು ಅವರಿಗೆ ಎಷ್ಟು ಗುಂಡಿಗೆ ಬೇಕಿತ್ತೋ!

ಹಿಂದೂಗಳೇನು ಖುಷಿಯಿಂದ ಬಿಟ್ಟುಕೊಡಲಿಲ್ಲ. ಮುಂಬೈ ಪ್ರಾಂತ್ಯ 1946ರಲ್ಲಿ ಹಿಂದೂ ದ್ವಿಪತ್ನಿತ್ವ ತಡೆ ಕಾನೂನು ತಂದಿತು. ಇದನ್ನು ಪ್ರಶ್ನಿಸಿ ನರಸು ಅಪ್ಪಾ ಮಾಳಿ ಪ್ರಕರಣ ಮುಂಬೈ ಹೈಕೋರ್ಟಿಗೆ ಹೋಯಿತು. ಮುಸ್ಲಿಮರಿಗಿಲ್ಲದ ನಿಯಮ ನಮಗ್ಯಾಕೆ ಅನ್ನುವುದು ಅಲ್ಲಿನ ಒಂದು ವಾದ. 1951ರಲ್ಲಿ ಛಾಗ್ಲಾ ಮತ್ತು ಗಜೇಂದ್ರಗಡ್ಕರ್ ಅವರ ಪೀಠ ಕಾನೂನನ್ನು ಎತ್ತಿಹಿಡಿಯಿತು. 1955ರ ಹಿಂದೂ ವಿವಾಹ ಕಾಯ್ದೆ ಬಂದ ಮೇಲೆ ಇಡೀ ದೇಶಕ್ಕೇ ಅದು ನಿಯಮವಾಯಿತು. ನನಗೆ ಮಜಾ ಅನ್ನಿಸಿದ್ದು ಇನ್ನೊಂದು. ನಮ್ಮ ದೇವರಗುಡ್ಡ ಆಗ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ. ತುಂಗಭದ್ರೆಯ ಆಚೆ ದಡದ ಮೈಲಾರ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಅಲ್ಲಿ ಇಂಥ ಕಾನೂನು ಬಂದದ್ದು 1949ರಲ್ಲಿ. ದೇವರು ಒಬ್ಬನೇ, ಹೊಳೆ ದಾಟಿದರೆ ಎರಡನೇ ಮದುವೆಗೆ ಇನ್ನೂ ಮೂರು ವರ್ಷ ಅವಕಾಶ. ಇಂಡಿಯವರು ನಕ್ಕರು, ಆದರೆ ಒಪ್ಪಲಿಲ್ಲ.

ಮರುದಿನ ಭಾನುವಾರ, ಖಂಡೋಬನ ವಾರ. ದಿವೆ ಘಾಟ್ ಹತ್ತಿ, ಸಾಸವಡದಲ್ಲಿ ಅಂಜೂರ ಕೊಂಡು, ಜೇಜುರಿ ಮುಟ್ಟುವಾಗ ಬಿಸಿಲೇರಿತ್ತು. ಪಾವಟಿಗೆ, ದೀಪಮಾಲೆ ಕಂಬ, ಜನರ ತಲೆ, ನಾಯಿಯ ಬೆನ್ನು ಎಲ್ಲ ಅರಿಸಿನ. ಭಂಡಾರ ಅಂತ ಅದನ್ನು ಹಿಡಿ ಹಿಡಿಯಾಗಿ ಎರಚುತ್ತಾರೆ. "ಯಳಕೋಟ್ ಯಳಕೋಟ್ ಜಯ ಮಲ್ಹಾರ್" ಅಂತ ಅವರು ಕೂಗಿದರೆ ನಮ್ಮ ಬಾಯಲ್ಲಿ ತಾನಾಗೇ "ಏಳುಕೋಟಿ ಏಳುಕೋಟಿಗೋ" ಬಂತು. ಹೊಸ ಮದುಮಗ ಮದುಮಗಳನ್ನು ಎತ್ತಿಕೊಂಡು ಕೆಲವು ಮೆಟ್ಟಿಲು ಹತ್ತುವುದು ಇಲ್ಲಿನ ಪದ್ಧತಿ. ಒಬ್ಬ ಸಣಕಲು ಹುಡುಗ ಮೂರನೇ ಮೆಟ್ಟಿಲಿಗೇ ಏದುಸಿರು ಬಿಡುತ್ತಿದ್ದ. ಹೆಂಡತಿ ಅವನ ಕಿವಿಯಲ್ಲಿ ಏನೋ ಹೇಳಿ ತಾನೇ ಇಳಿದು ನಡೆದಳು.

ಖಂಡೋಬನ ಮೊದಲ ಹೆಂಡತಿ ಮ್ಹಾಳಸಾ, ಲಿಂಗಾಯತ ವ್ಯಾಪಾರಿಯ ಮಗಳು. ಎರಡನೆಯವಳು ಬಾನಾಯಿ, ಕುರಿ ಕಾಯುವ ಧನಗರರ ಹುಡುಗಿ. ಪಗಡೆಯಲ್ಲಿ ಮ್ಹಾಳಸಾಗೆ ಸೋತು ಹನ್ನೆರಡು ವರ್ಷ ಮನೆ ಬಿಟ್ಟ ದೇವರು ಬಾನಾಯಿಯ ಅಪ್ಪನ ಹತ್ತಿರ ಕುರಿ ಕಾಯಲು ಸೇರಿದನಂತೆ. ವಾಪಸ್ ಬರುವಾಗ ಅವಳನ್ನೂ ಕರೆತಂದ. ಮ್ಹಾಳಸಾ ಸುಮ್ಮನಿದ್ದಾಳೆಯೇ? ಜಗಳ ಹತ್ತಿತು. ಕೊನೆಗೆ ದೇವರು ಬೆಟ್ಟವನ್ನೇ ಪಾಲು ಮಾಡಿದ, ಮೇಲಿನರ್ಧ ಅವಳಿಗೆ, ಕೆಳಗಿನರ್ಧ ಇವಳಿಗೆ. ಈಗಲೂ ಮ್ಹಾಳಸಾ ಮೇಲೆ ಗಂಡನ ಜೊತೆ ಇದ್ದಾಳೆ, ಬಾನಾಯಿಯ ಗುಡಿ ಅರ್ಧ ಬೆಟ್ಟದಲ್ಲಿದೆ. ಇನ್ನೂ ಮೂವರು ಇದ್ದಾರೆ. ಸಿಂಪಿಗರ ರಂಭಾಯಿ, ತೋಟಗಾರ ಮಾಳಿಗರ ಫುಲಾಯಿ, ಚಂದಾಯಿ. ಚಂದಾಯಿ ಗಾಣಿಗರವಳು ಅನ್ನುವವರಿದ್ದಾರೆ, ಮುಸ್ಲಿಮರು ನಮ್ಮವಳು ಅನ್ನುತ್ತಾರೆ. ಒಂದೊಂದು ಜಾತಿಯೂ ಒಬ್ಬೊಬ್ಬ ಮಗಳನ್ನು ಕೊಟ್ಟು ದೇವರನ್ನು ಅಳಿಯ ಮಾಡಿಕೊಂಡಿದೆ. ನಮ್ಮಲ್ಲೂ ಗಂಗಿಮಾಳವ್ವ, ಕುರುಬತ್ಯವ್ವ ಅಂತ ಇಬ್ಬರು ಇದ್ದಾರಲ್ವಾ. ವಿಕ್ರಮಾದಿತ್ಯ ಮಾಡಿದ್ದೂ ಇಂಥದ್ದೇ. ಖಂಡೋಬನಿಗೆ ಮುಡಿಪಾಗಿ ಹಾಡುವ ವಾಘ್ಯಾ ಮುರಳಿಯರು ಜಾಗರಣೆಯಲ್ಲಿ ಈ ಸವತಿಯರ ಜಗಳವನ್ನು ರಸವತ್ತಾಗಿ ಹಾಡುತ್ತಾರೆ. ಮುರಳಿ ಅಂದರೆ ದೇವರಿಗೇ ಕಟ್ಟಿದ ಹುಡುಗಿ, ನಮ್ಮ ಕಡೆಯ ಮುತ್ತು ಕಟ್ಟಿಸಿಕೊಂಡ ದೇವದಾಸಿಯರ ಹಾಗೆ. ಆ ಪದ್ಧತಿಗೆ ಮುಂಬೈ ಪ್ರಾಂತ್ಯ 1934ರಲ್ಲೇ ಕಾನೂನು ಮಾಡಿತ್ತು. ದೇವರ ಹೆಂಡತಿ ಅನ್ನಿಸಿಕೊಂಡ ಆ ಹೆಣ್ಣುಮಕ್ಕಳ ಪಾಡು ಹಾಡಿನಷ್ಟು ಚೆಂದ ಇರಲಿಲ್ಲ.

ಬಾನಾಯಿ ಗುಡಿಯ ಪಕ್ಕ ನೆರಳಲ್ಲಿ ಕೂತಿದ್ದಾಗ ಕನ್ನಡ ಕೇಳಿಸಿತು. ಇಳಕಲ್ ಸೀರೆಯ ಇಬ್ಬರು ಹೆಂಗಸರು, ಸಿಂದಗಿ ತಾಲ್ಲೂಕಿನವರು, ಜೊತೆಗೆ ಹತ್ತು ವರ್ಷದ ಹುಡುಗ. ಹಿರಿಯಾಕೆ ಬುತ್ತಿ ಬಿಚ್ಚಿ ನಮಗೂ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಹುಡುಗ ಇಬ್ಬರಿಗೂ "ಅವ್ವಾ" ಅನ್ನುತ್ತಿದ್ದ. ಅತ್ತಿಗೆಗೆ ತಿಳಿಯಿತು. "ಅಕ್ಕತಂಗೇರೇನ್ರಿ?"

"ಹೌದ್ರಿ. ನನಗ ಮಕ್ಕಳಾಗ್ಲಿಲ್ಲ. ಹೊರಗಿನಾಕಿ ಬಂದ್ರ ನನ್ನ ಮೂಲಿಗೆ ಹಾಕ್ತಾಳ ಅಂತ ನಾನss ತಂಗೀನ್ನ ತಂದು ಮಾಡಿಸಿದೆ." ಮುಖದಲ್ಲಿ ಸಂಕೋಚ ಇರಲಿಲ್ಲ. ಬೈಬಲ್ಲಿನ ಯಾಕೋಬನಿಗೂ ಲೇಯ, ರಾಹೇಲ ಅಂತ ಅಕ್ಕತಂಗಿಯರೇ ಹೆಂಡಿರು. ಅತ್ತ ಹಿಮಾಲಯದ ಕಿನ್ನೌರ್, ಜೌನ್ಸಾರ್‌ನಲ್ಲಿ ಹೊಲ ಹರಿದು ಹಂಚಿ ಹೋಗಬಾರದು ಅಂತ ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿ ಅನ್ನುವ ಪದ್ಧತಿ ಇತ್ತು. ಮಕ್ಕಳು ಬೇಕು, ಹೊಲ ಉಳಿಯಬೇಕು, ಮನೆಯ ಆಳು ಮನೆಯಲ್ಲೇ ಇರಬೇಕು. ದೇವರು ಧರ್ಮ ಎಲ್ಲ ಆಮೇಲಿನ ಮಾತು ಅನ್ನಿಸಿತು ನನಗೆ.

ಕಿರಿಯಾಕೆ ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. ಅತ್ತಿಗೆ ವಕೀಲರು ಅಂತ ಗೊತ್ತಾದ ಮೇಲೆ ಹತ್ತಿರ ಸರಿದು ಕೂತಳು. "ರೇಷನ್ ಕಾರ್ಡಿನಾಗ ಅಕ್ಕನ ಹೆಸರು ಐತ್ರಿ. ನಾಳೆ ಅವರಿಗೇನಾರ ಆದ್ರ ನಂದೇನು?"

ಅತ್ತಿಗೆ ಸುತ್ತಿ ಬಳಸಿ ಹೇಳಲಿಲ್ಲ. ಮೊದಲ ಹೆಂಡತಿ ಇರುವಾಗ ಆದ ಮದುವೆ ಕಾಯ್ದೆಯ ಲೆಕ್ಕದಲ್ಲಿ ಮದುವೆಯೇ ಅಲ್ಲ. ಗಂಡಿಗೆ ಏಳು ವರ್ಷದವರೆಗೆ ಜೈಲು ಅಂತ ಇದೆ, ಆದರೆ ದೂರು ಕೊಡಬೇಕಾದವಳು ಮೊದಲ ಹೆಂಡತಿ ಅಥವಾ ಅವಳ ಕಡೆಯವರು. ಅಕ್ಕನೇ ನಿಂತು ಮಾಡಿಸಿದ ಮೇಲೆ ದೂರು ಕೊಡುವವರು ಯಾರು? ಹುಡುಗನ ಹಕ್ಕಿಗೆ ಚಿಂತೆ ಇಲ್ಲ. ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಅನ್ನುವ ನಮ್ಮ ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಹೇಳಿದೆ, ಇಂಥ ಮಕ್ಕಳಿಗೆ ಅಪ್ಪನ ಪಾಲಿನಲ್ಲಿ ಹಕ್ಕಿದೆ, ಪಿತ್ರಾರ್ಜಿತದಲ್ಲಿ ಅಪ್ಪನಿಗೆ ಬರುವ ಪಾಲೂ ಸೇರಿ. "ಮಗನಿಗೆ ಬರ್ತದ. ನಿಮಗ ಹೆಂಡತಿ ಅಂತ ಏನೂ ಬರಂಗಿಲ್ಲ."

ಹಿರಿಯಾಕೆ ಬುತ್ತಿ ಕಟ್ಟುವುದನ್ನು ನಿಲ್ಲಿಸಿದಳು. "ಹಂಗಾದ್ರ ಏನ್ ಮಾಡ್ಬೇಕ್ರಿ ವಕೀಲಬಾಯಿ?"

"ಯಜಮಾನ್ರು ಗಟ್ಟಿ ಇರೋವಾಗ ಇಕಿ ಹೆಸರಿಗೆ ಅವರ ಸ್ವಂತದ ಎರಡು ಎಕರೆ ನೋಂದಣಿ ಮಾಡಿಸ್ರಿ. ಬಾಯಿಮಾತು ಬ್ಯಾಡ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ದಾನಪತ್ರ."

ಕಿರಿಯಾಕೆ ಅಕ್ಕನ ಮುಖ ನೋಡಿದಳು. ಅಕ್ಕ ಹುಡುಗನ ಹಣೆಯ ಅರಿಸಿನ ಒರೆಸುತ್ತ ಲೆಕ್ಕ ಹಾಕುತ್ತಿದ್ದಳು. "ಬಾವಿ ಕಡಿ ಹೊಲ ಅವರ ಸ್ವಂತದ್ದss ಐತ್ರಿ. ಆದ್ರ ಎರಡು ಕೊಟ್ರ ನನಗ ಉಳಿಯೋದು ಒಂದss," ಅಂದಳು. ಆಮೇಲೆ ಅತ್ತಿಗೆಯ ಫೋನ್ ನಂಬರನ್ನು ಹುಡುಗನಿಗೆ ಹೇಳಿ ಬರೆಸಿಕೊಂಡಳು, ಒಂದೂವರೆ ಎಕರೆಗೂ ದಾನಪತ್ರ ಆಗುತ್ತದೋ ಅಂತ ಊರಿಗೆ ಹೋದ ಮೇಲೆ ಕೇಳಲಿಕ್ಕೆ.