ಬಲ ಶೋಲ್ಡರ್ ಡೌನ್, ಅರ್ಧ ಇಂಚು

ಕಳೆದ ವಾರ ನಮ್ಮ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟ್ರ ಹಳೆಯ ಅಳತೆ ಪುಸ್ತಕ ತಿರುವಿ ಹಾಕುವಾಗ ಒಂದು ಪುಟ ಸಿಕ್ಕಿತು. ಎದೆ 40, ಸೊಂಟ 35, ಉದ್ದ 29, ಕೈ 24½. ಕೊನೆಗೆ ಪೆನ್ಸಿಲ್‌ನಲ್ಲಿ ಒಂದು ಸಾಲು: ‘ಬಲ ಶೋಲ್ಡರ್ ಡೌನ್ ½’. ಎರಡು ವರ್ಷ ಆಯಿತು. ಆ ಸಾಲು ಕಂಡರೆ ಈಗಲೂ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ.

ನಾನು ಉಡುಪಿಯವನು. ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಕಲಿತೆ. ಪೀಣ್ಯದ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಆರು ವರ್ಷ ಗಂಡಸರ ಶರ್ಟಿನ ಸ್ಯಾಂಪಲಿಂಗ್ ನೋಡಿಕೊಂಡೆ. ಅಲ್ಲಿ ಮೈ ಅಂದರೆ ಡಮ್ಮಿ. ಎಡ, ಬಲ ಎರಡೂ ಒಂದೇ. ಸೈಜ್ ಸೆಟ್, ಅಂದರೆ ಎಲ್ಲ ಸೈಜಿನ ಸ್ಯಾಂಪಲ್, ಪಾಸಾದರೆ ಕೆಲಸ ಮುಗಿಯಿತು. ಆಮೇಲೆ ಊರ ಕಡೆಗೇ ಇರೋಣ ಅನ್ನಿಸಿ ಮಂಗಳೂರಿಗೆ ಬಂದೆ, ಮದುವೆ ಸೂಟು ಹೊಲಿಯುವ ಅಂಗಡಿಯೊಂದರಲ್ಲಿ ಡಿಸೈನರ್ ಆಗಿ ಸೇರಿದೆ.

ನನ್ನ ತಲೆಯಲ್ಲಿ ಆಗ ಇದ್ದದ್ದು ಒಬ್ಬರೇ, ಫ್ಯಾಷನ್ ಡಿಸೈನರ್ ಜಾರ್ಜಿಯೊ ಅರ್ಮಾನಿ. ಇಟಲಿಯ ಪಿಯಾಚೆಂಝಾದಲ್ಲಿ 1934ರಲ್ಲಿ ಹುಟ್ಟಿದವರು. ಡಾಕ್ಟರ್ ಆಗಲು ಹೊರಟು, ಓದು ಅರ್ಧಕ್ಕೆ ಬಿಟ್ಟು, ಮಿಲಾನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಆಮೇಲೆ ನೀನೊ ಚೆರುಟಿ ಎಂಬ ಇನ್ನೊಬ್ಬ ಡಿಸೈನರ್ ಹತ್ತಿರ ಗಂಡಸರ ಬಟ್ಟೆ ಡಿಸೈನ್ ಮಾಡಿದರು. ಸ್ವಂತ ಕಂಪನಿ ಶುರು ಮಾಡಿದಾಗ 1975, ವಯಸ್ಸು ನಲವತ್ತು ದಾಟಿತ್ತು. ಅವರು ಮಾಡಿದ್ದು ಹೇಳಲು ಸುಲಭ. ಕೋಟಿನ ಒಳಗಿದ್ದ ದಪ್ಪ ಕ್ಯಾನ್ವಾಸ್, ಹೆಗಲಿನ ಪ್ಯಾಡ್, ಲೈನಿಂಗ್ ತೆಗೆದರು. ಕೋಟು ಅಂಗಿಯ ಹಾಗೆ ಮೈಮೇಲೆ ಇಳಿದುಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡ ದಿನ ನಾನು ಕಟಿಂಗ್ ಟೇಬಲ್ ಮುಂದೆ ಸುಮ್ನೆ ನಿಂತುಬಿಟ್ಟಿದ್ದೆ.

ಮಂಗಳೂರಿಗೆ ಆ ಕೋಟು ಹೇಳಿ ಮಾಡಿಸಿದ ಹಾಗೆ, ಅಲ್ವಾ? ಮೇ ತಿಂಗಳ ಸೆಖೆಯಲ್ಲಿ ನಮ್ಮ ಮದುಮಕ್ಕಳು ಫುಲ್ ಲೈನಿಂಗ್ ಸೂಟಿನೊಳಗೆ ಬೇಯುತ್ತಾರೆ. ಹವೆಗೆ, ದುಡಿಯುವ ಮೈಗೆ ತಕ್ಕ ಬಟ್ಟೆ ಈ ಊರಿಗೆ ಹೊಸತಲ್ಲ. ಬಲ್ಮಠದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರ ನೇಯ್ಗೆ ಕಾರ್ಖಾನೆ ಇತ್ತು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ನೇಕಾರರು ಬೆಳೆಸಿದ ಕಾರ್ಖಾನೆ ಅದು, ಖಾಕಿ ಬಟ್ಟೆಗೆ ಹೆಸರಾಗಿತ್ತು. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಅದೇ ಯೋಚನೆ. ಇಲ್ಲಿಯ ಬೆವರಿಗೆ ಒಂದು ಕೋಟು ಮಾಡಬೇಕು.

ಆ ಮದುಮಗ ಸಿಕ್ಕಿದ್ದು ಹಾಗೆ. ಗಲ್ಫಿನಲ್ಲಿ ಕೆಲಸ, ಇಪ್ಪತ್ತು ದಿನದ ರಜೆ. ಶುಕ್ರವಾರ ರೋಸ್ (ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಶನಿವಾರ ಇಗರ್ಜಿಯಲ್ಲಿ ಮದುವೆ. ‘ಸೆಖೆ ಆಗಬಾರದು’ ಅಂತ ಮಾತ್ರ ಹೇಳಿದ್ದ. ನಾನು ಅರ್ಧ ಗಂಟೆ ಮಾತಾಡಿ, ತೆಳು ಉಣ್ಣೆಯ ಬಟ್ಟೆ ತೋರಿಸಿ, ಪ್ಯಾಡ್ ಇಲ್ಲದ, ಬೆನ್ನಿಗೆ ಲೈನಿಂಗ್ ಇಲ್ಲದ ಕೋಟಿಗೆ ಒಪ್ಪಿಸಿದೆ.

ಅಳತೆ ತೆಗೆದದ್ದು ಮಾಸ್ಟ್ರು. ನಾನು ಟ್ಯಾಬ್‌ನಲ್ಲಿ ಹಾಕಿಕೊಂಡೆ. ಮಾಲೀಕರು ಆ ವರ್ಷವಷ್ಟೇ ಹೊಸ ಸಾಫ್ಟ್‌ವೇರ್ ತಂದಿದ್ದರು. ಅದರಲ್ಲಿ ಅಂಕಿಗೆ ಜಾಗ ಉಂಟು, ಮಾತಿಗೆ ಇಲ್ಲ. ಒಂದು ರಿಮಾರ್ಕ್ಸ್ ಕಾಲಂ ಇಡಲು ಎಷ್ಟು ಖರ್ಚಾಗುತ್ತಿತ್ತೋ! ಮೊದಲು ಎರಡು ಟ್ರಯಲ್ ಇತ್ತು, ಅದನ್ನೂ ಒಂದು ಮಾಡಿದ್ದರು, ಕಸ್ಟಮರ್‌ಗೆ ಪುರುಸೊತ್ತಿಲ್ಲ ಅಂತ.

ಆದರೆ ತಪ್ಪನ್ನು ಸಾಫ್ಟ್‌ವೇರ್ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ಮಾಸ್ಟ್ರು ಬಾಯಿಬಿಟ್ಟು ಹೇಳಿದ್ದರು. ‘ಬಲ ಶೋಲ್ಡರ್ ಇಳಿದಿದೆ ಮಾರಾಯ್ರೆ, ಪ್ಯಾಡ್ ಹಾಕದಿದ್ದರೆ ಕಾಣ್ತದೆ.’ ಎಲ್ಲರಿಗೂ ಸ್ವಲ್ಪ ಇಳಿದೇ ಇರುತ್ತದೆ, ಬಟ್ಟೆ ಮೆದು, ಕೂತುಕೊಳ್ಳುತ್ತದೆ ಅಂದೆ ನಾನು. ಆ ಹುಡುಗನ ಹೆಗಲನ್ನು ಒಮ್ಮೆ ತಿರುಗಿಯೂ ನೋಡಲಿಲ್ಲ. ಮಾಸ್ಟ್ರು ಮತ್ತೆ ಮಾತಾಡಲಿಲ್ಲ. ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡರು.

ಟ್ರಯಲ್ ಗುರುವಾರ ಸಂಜೆ ಆರಕ್ಕೆ. ಅವನು ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತ. ಎಡಗಡೆ ನಾನು ಕನಸಿನಲ್ಲಿ ಕಂಡ ಕೋಟು. ಬಲಗಡೆ ಕುತ್ತಿಗೆಯ ಬುಡದಿಂದ ಕಂಕುಳಿನವರೆಗೆ ಮೂರು ಓರೆ ಮಡಿಕೆ, ಹಗ್ಗ ಎಳೆದ ಹಾಗೆ. ಕೆಳಗಿನ ಅಂಚು ಎಡಕ್ಕಿಂತ ಇಳಿದಿತ್ತು. ನಾನು ಕಾಲರ್ ಎತ್ತಿದೆ, ಬಟನ್ ಬಿಚ್ಚಿ ಹಾಕಿದೆ, ಅಂಗೈಯಿಂದ ಒರೆಸಿದೆ. ಮಡಿಕೆ ಹೋಯಿತು, ಕೈ ತೆಗೆದ ಕೂಡಲೇ ಮತ್ತೆ ಬಂತು. ‘ನೇರ ನಿಂತುಕೊಳ್ಳಿ’ ಅಂದೆ. ಅವನು ನೇರವಾಗಿಯೇ ನಿಂತಿದ್ದ.

ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಅವನ ತಾಯಿ ಮೆಲ್ಲಗೆ ಹೇಳಿದರು: ‘ಅವನ ಹೆಗಲು ಹಾಗೇ. ಸಣ್ಣದಿರುವಾಗ ಬಿದ್ದು ಎಲುಬು ಮುರಿದದ್ದು.’

ಯಾರೂ ಮಾತಾಡಲಿಲ್ಲ. ಮದುಮಗ ಎಡಗೈಯನ್ನು ಬಲ ಹೆಗಲ ಮೇಲೆ ಇಟ್ಟುಕೊಂಡ, ಮುಚ್ಚಿಕೊಳ್ಳುವ ಹಾಗೆ. ಅಲ್ಲಿಯವರೆಗೆ ನಗುತ್ತಿದ್ದ ಹುಡುಗ ಕನ್ನಡಿ ನೋಡುವುದನ್ನೇ ಬಿಟ್ಟ. ಎಲುಬು ಮುರಿದದ್ದು ಅವನೇ ಮರೆತಿರಬಹುದು. ಮದುವೆಗೆ ಎರಡು ದಿನ ಇರುವಾಗ ನಾನು ನೆನಪು ಮಾಡಿದೆ. ಬಟ್ಟೆ ಹಾಳಾದರೆ ಬೇರೆ ಕೊಡಬಹುದು. ಆ ಕೈ ಹೋಗಿ ಹೆಗಲ ಮೇಲೆ ಕೂತದ್ದಕ್ಕೆ ನಾನು ಏನು ಕೊಡಲಿ?

ಮಾಸ್ಟ್ರು ಬಂದರು. ‘ನಾನು ಹೇಳಿರಲಿಲ್ವಾ’ ಅನ್ನಲಿಲ್ಲ. ಅವನ ಎದುರು ನಿಂತು, ‘ಹೊಲಿಗೆ ತಪ್ಪಿದೆ. ನಾಳೆ ಮಧ್ಯಾಹ್ನ ಬನ್ನಿ’ ಅಂದರು ಅಷ್ಟೆ. ಹೆಗಲಿನ ಮಾತೇ ಎತ್ತಲಿಲ್ಲ.

ರಾತ್ರಿ ನಾವಿಬ್ಬರೇ ಕೂತೆವು. ಕೋಟಿನ ಬಲಗೈ ಬಿಚ್ಚಿದೆವು, ಶೋಲ್ಡರ್ ಹೊಲಿಗೆ ಬಿಚ್ಚಿದೆವು. ಪೂರ್ತಿ ಅರ್ಧ ಇಂಚು ಕಟಿಂಗ್‌ನಲ್ಲೇ ಇಳಿಸಿದರೆ ಎರಡು ಹೆಗಲಿನ ವ್ಯತ್ಯಾಸ ಎದ್ದು ಕಾಣುತ್ತದೆ. ಪೂರ್ತಿ ಪ್ಯಾಡ್‌ನಲ್ಲೇ ತುಂಬಿದರೆ ಮೆದು ಕೋಟಿನೊಳಗೆ ಒಂದು ಗಡ್ಡೆ. ಮಾಸ್ಟ್ರು ತುದಿಯಲ್ಲಿ ಕಾಲು ಇಂಚು ಇಳಿಸಿದರು, ಕೈ ಸೇರುವ ಆರ್ಮ್‌ಹೋಲನ್ನೂ ಅಷ್ಟೇ ತಗ್ಗಿಸಿದರು. ಉಳಿದ ಕಾಲು ಇಂಚಿಗೆ ತೆಳು ವ್ಯಾಡಿಂಗ್, ಅಂದರೆ ಒಳಗೆ ತುಂಬುವ ಮೆದು ಪದರ, ಒಂದರ ಮೇಲೊಂದು, ಅಂಚು ಕೈಯಿಂದ ಹರಿದು ಹರಿದು ಸಣ್ಣ ಮಾಡಿದ್ದು. ಕತ್ತರಿಯಲ್ಲಿ ಕತ್ತರಿಸಿದರೆ ಗೆರೆ ಮೂಡುತ್ತದೆ. ಒಳಗೆ ಲೈನಿಂಗ್ ಇಲ್ಲವಲ್ಲ, ವ್ಯಾಡಿಂಗ್‌ಗೆ ಬೇರೆ ಬಟ್ಟೆ ಸುತ್ತಿ ಕೈ ಹೊಲಿಗೆ ಹಾಕಬೇಕಾಯಿತು. ಲೈನಿಂಗ್ ಇಲ್ಲದ ಕೋಟಿಗೆ ಕೆಲಸ ಕಮ್ಮಿ ಅಂತ ಮಾಲೀಕರು ಈಗಲೂ ತಿಳಿದಿದ್ದಾರೆ. ಒಳಗಿನ ಒಂದೊಂದು ಹೊಲಿಗೆಯೂ ಹೊರಗೆ ಕಾಣುವಷ್ಟೇ ಚೆಂದ ಇರಬೇಕು, ಹೊಲಿಗೆಯ ಅಂಚಿಗೆ ಬಟ್ಟೆಪಟ್ಟಿ ಕಟ್ಟುವ ಪೈಪಿಂಗ್‌ಗೇ ಅರ್ಧ ದಿನ ಬೇಕು. ಕೂಲಿ ಮಾತ್ರ ಕಮ್ಮಿ ಬರೆಯುತ್ತಾರೆ.

ಬೆಳಗಿನ ಜಾವ ಇಸ್ತ್ರಿ ಹೊಡೆಯುವಾಗ ನನಗೆ ಹೊಳೆದದ್ದು ಇಷ್ಟು. ಅರ್ಮಾನಿ ಪ್ಯಾಡ್ ತೆಗೆದದ್ದನ್ನು ನಾನು ಹತ್ತು ವರ್ಷ ನೋಡಿದ್ದೆ. ಪ್ಯಾಡ್ ಮಾಡುತ್ತಿದ್ದ ಕೆಲಸವನ್ನು ಆಮೇಲೆ ಕಟಿಂಗ್ ಮಾಡಬೇಕು, ಮೈಯನ್ನು ಅಷ್ಟು ಚೆನ್ನಾಗಿ ನೋಡಿದವನೇ ಅದನ್ನು ಕಟ್ ಮಾಡಬೇಕು, ಅದು ನನಗೆ ಕಂಡಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವನು ಬಂದ. ಒಂದು ಮಡಿಕೆ ಇನ್ನೂ ಇತ್ತು, ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು. ತಾಯಿ ಕೋಟಿನ ಬೆನ್ನು ಸವರಿ, ಚೆಂದ ಆಗಿದೆ ಅಂದರು. ನಾನು ಕ್ಷಮೆ ಕೇಳಿದೆ. ಅವನು ತಲೆಯಾಡಿಸಿ, ರೋಸ್‌ಗೆ ತಡವಾಗ್ತದೆ ಅಂತ ಹೊರಟ.

ಸಾಫ್ಟ್‌ವೇರ್‌ನಲ್ಲಿ ಆ ಕಾಲಂ ಇನ್ನೂ ಬಂದಿಲ್ಲ, ನಾಲ್ಕು ಸಲ ಕೇಳಿದ್ದೇನೆ. ನನ್ನ ಹತ್ತಿರ ಈಗ ಒಂದು ಉದ್ದ ಪುಸ್ತಕ ಉಂಟು. ಅಳತೆಗೆ ಮೊದಲು ಕಸ್ಟಮರ್‌ನನ್ನು ಬಾಗಿಲಿನಿಂದ ಕನ್ನಡಿವರೆಗೆ ಸುಮ್ನೆ ನಡೆಯಲು ಬಿಡುತ್ತೇನೆ, ಟೇಪು ಆಮೇಲೆ. ಎಡ, ಬಲ ಬೇರೆ ಬೇರೆ ಬರೆಯುತ್ತೇನೆ. ಮಾಸ್ಟ್ರು ಬಾಯಿ ತೆರೆದರೆ ಪೆನ್ಸಿಲ್ ಎತ್ತಿಕೊಳ್ಳುತ್ತೇನೆ.

ಈ ಜನವರಿಯಲ್ಲಿ ಅವನೇ ಬಂದಿದ್ದ, ತಮ್ಮನ ಮದುವೆಗೆ ಇನ್ನೊಂದು ಕೋಟು ಹೊಲಿಸಲು. ಬ್ಯಾಗು ಕೆಳಗಿಟ್ಟು, ‘ಅದೇ ಥರದ್ದು, ಲೈನಿಂಗ್ ಬೇಡ. ಬಲ ಹೆಗಲು ಬರ್ಕೊಂಡಿದ್ದೀರಲ್ಲ?’ ಅಂದ. ಮಾಸ್ಟ್ರು ಆಗಲೇ ಹಳೆಯ ಪುಸ್ತಕ ತೆರೆದಿದ್ದರು.