ಹೀಲೋನಾ, ಕೋನಾನಾ? ಬಿಗ್ ಐಲ್ಯಾಂಡ್‌ನಲ್ಲಿ ಮನೆ ಹುಡುಕುವವರಿಗೆ

ಹವಾಯಿಯ ಬಿಗ್ ಐಲ್ಯಾಂಡ್‌ಗೆ ಕೆಲಸದ ಮೇಲೆ ಬರುವವರಿಂದ ಹಿಡಿದು ನಿವೃತ್ತಿಗೆ ಮನೆ ನೋಡುವವರ ತನಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಪೂರ್ವದ ಹೀಲೋದಲ್ಲಿ ಮನೆ ಮಾಡೋದಾ, ಪಶ್ಚಿಮದ ಕೈಲುವಾ-ಕೋನಾದಲ್ಲಾ? ಯಾವ ಕಡೆ ಅನ್ನುವುದನ್ನು ಕೆಲಸ ಮತ್ತು ಮಳೆ ತೀರ್ಮಾನಿಸಲಿ. ಅದಾದ ಮೇಲೆ ಊರನ್ನು ಬಿಟ್ಟು ವಿಳಾಸ ನೋಡಿ. ಇಲ್ಲಿ ಎರಡು ಊರುಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಊರಿನ ಎರಡು ಬೀದಿಗಳ ನಡುವಿನ ವ್ಯತ್ಯಾಸ ಜೇಬಿಗೆ ಹೆಚ್ಚು ತಟ್ಟುತ್ತದೆ.

ಕೆಲಸದ ಮಾತು ಬೇಗ ಮುಗಿಯುತ್ತದೆ. ಕೌಂಟಿ (ಸ್ಥಳೀಯ ಆಡಳಿತ) ಕಚೇರಿಗಳು, ಹವಾಯಿ ವಿಶ್ವವಿದ್ಯಾಲಯದ ಹೀಲೋ ಕ್ಯಾಂಪಸ್, ಸುಬಾರು ಮತ್ತು ಜೆಮಿನಿ ದೂರದರ್ಶಕಗಳ ಕಚೇರಿಗಳು ಹೀಲೋದಲ್ಲಿವೆ. ರೆಸಾರ್ಟ್‌ಗಳು, ಅಮೆರಿಕದ ಪಶ್ಚಿಮ ತೀರಕ್ಕೆ ನೇರ ವಿಮಾನಗಳು ಕೋನಾ ಕಡೆ. ಹೀಲೋದಿಂದ ಹೊರಡುವವರು ಬಹುತೇಕ ಹೊನೊಲುಲುವಿನಲ್ಲಿ ವಿಮಾನ ಬದಲಿಸಬೇಕು. ನಡುವಿನ ಸ್ಯಾಡಲ್ ರಸ್ತೆ ಸುಮಾರು 2,000 ಮೀಟರ್ ಎತ್ತರಕ್ಕೆ ಹತ್ತಿ ಇಳಿಯುತ್ತದೆ. ಮಂಜಿಲ್ಲದ ದಿನವೂ ಒಂದೂವರೆ ಗಂಟೆಗೆ ಕಡಿಮೆಯಿಲ್ಲ. ಒಂದು ಕಡೆ ಮನೆ, ಇನ್ನೊಂದು ಕಡೆ ದಿನನಿತ್ಯದ ಕೆಲಸ ಎಂಬ ಲೆಕ್ಕಾಚಾರ ಬೇಡ. ಕೆಕ್ ದೂರದರ್ಶಕದ ಕಚೇರಿಯಲ್ಲಿ ಕೆಲಸವಾದರೆ ಅದು ವೈಮೇಯಾದಲ್ಲಿದೆ, ಎರಡೂ ಊರಿಂದ ಹೆಚ್ಚುಕಡಿಮೆ ಒಂದು ಗಂಟೆ ದಾರಿ.

ಮಳೆಯಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ದೇಶಗಳೇ ಸರಿ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಮೌನಾ ಕೇಯಾ, ಮೌನಾ ಲೋವಾ ಜ್ವಾಲಾಮುಖಿ ಪರ್ವತಗಳಿಗೆ ಬಡಿದು ಹೀಲೋ ಮೇಲೆ ಸುರಿಯುತ್ತದೆ. ವರ್ಷಕ್ಕೆ 3,000 ಮಿ.ಮೀ. ಆಸುಪಾಸು, ಊರಿನ ಮೇಲುಭಾಗದಲ್ಲಿ ಇನ್ನೂ ಹೆಚ್ಚು. ಮಲೆನಾಡಿನಂತೆ ಮೂರು ತಿಂಗಳು ಹೊಡೆದು ನಿಲ್ಲುವ ಮಳೆಯಲ್ಲ ಇದು, ವರ್ಷವಿಡೀ ಬರುತ್ತದೆ. ಹಾಗಾಗಿ ಗೋಡೆಗೆ ಪೂರ್ತಿ ಒಣಗುವ ಕಾಲ ಅಂತ ಒಂದಿಲ್ಲ. ಹೀಲೋದಲ್ಲಿ ಮನೆ ನೋಡುವಾಗ ಹಜಾರದಲ್ಲಿ ನಿಂತು ಮೆಚ್ಚಿಕೊಳ್ಳುವುದಕ್ಕೆ ಮೊದಲು ಬಟ್ಟೆ ಕಪಾಟಿನ ಹಿಂಬದಿ ಗೋಡೆಗೆ ಮೂಗು ಹತ್ತಿರ ಒಯ್ಯಿರಿ, ಸಿಂಕ್ ಕೆಳಗಿನ ಹಲಗೆ ಒತ್ತಿ ನೋಡಿ. ಹೊಸ ಬಣ್ಣದ ವಾಸನೆ ಒಂದು ಮೂಲೆಯಲ್ಲಿ ಮಾತ್ರ ಬಂದರೆ ಆ ಮೂಲೆಯ ಬೂಸ್ಟಿನ ಬಗ್ಗೆ ಕೇಳಿ. ಕಂಬದ ಮೇಲೆ ನಿಂತ, ನೆಲದಡಿ ಗಾಳಿಯಾಡುವ ಹಳೆಯ ಮನೆ ಎಷ್ಟೋ ಸಲ ಹೊಸ ಕಾಂಕ್ರೀಟ್ ನೆಲದ ಮನೆಗಿಂತ ಒಣಗಿರುತ್ತದೆ.

ಕೋನಾದ ಕಡಲಂಚಿನಲ್ಲಿ ಇದರ ಕಾಲುಭಾಗ ಮಳೆಯೂ ಇಲ್ಲ. ಅಲ್ಲಿ ನೋಡಬೇಕಾದದ್ದು ಎತ್ತರ. ನೀರಂಚಿನ ಕಾಂಡೋಗಳಲ್ಲಿ, ಅಂದರೆ ಫ್ಲ್ಯಾಟ್‌ಗಳಲ್ಲಿ, ಬಿಸಿಲು ಹೆಚ್ಚು, ಎಸಿ ಬೇಕಾಗುತ್ತದೆ. ಈ ದ್ವೀಪದಲ್ಲಿ ವಿದ್ಯುತ್ ಯೂನಿಟ್‌ಗೆ 40 ಸೆಂಟ್ ಆಸುಪಾಸು. ಒಂದು ಕಿಲೋವ್ಯಾಟ್ ಎಳೆಯುವ ಎಸಿ ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ 240 ಯೂನಿಟ್, ಅಂದರೆ ಹತ್ತಿರ ಹತ್ತಿರ 100 ಡಾಲರ್. ಅದೇ ಇಳಿಜಾರಲ್ಲಿ 400 ಮೀಟರ್ ಮೇಲೆ ಹತ್ತಿದರೆ ಕಾಫಿ ತೋಟಗಳ ಪ್ರದೇಶ: ಎರಡು ಮೂರು ಡಿಗ್ರಿ ತಂಪು, ಮಧ್ಯಾಹ್ನ ಮೋಡ, ಬೇಸಿಗೆಯಲ್ಲೇ ಹೆಚ್ಚು ಮಳೆ. ಎಸಿ ಬೇಕಿಲ್ಲ. ಆದರೆ ಆ ಪ್ರದೇಶಕ್ಕೆ ‘ವಾಗ್’ ಕಾಟವಿದೆ. ಕೀಲವೇಯಾ ಜ್ವಾಲಾಮುಖಿ ಉಗುಳುವ ಗಂಧಕದ ಹೊಗೆಯನ್ನು ವಾಣಿಜ್ಯ ಮಾರುತ ದ್ವೀಪದ ದಕ್ಷಿಣ ತುದಿ ಸುತ್ತಿಸಿ ಕೋನಾಕ್ಕೆ ತರುತ್ತದೆ, ಹಗಲಿನ ಕಡಲಗಾಳಿ ಅದನ್ನು ಇಳಿಜಾರಿನ ಮೇಲಕ್ಕೆ ತಳ್ಳುತ್ತದೆ. ಮಾರುತ ಸತ್ತ ದಿನಗಳಲ್ಲಿ ಹೀಲೋಗೂ ಬರುವುದುಂಟು, ಆದರೆ ಅದು ಅಪರೂಪ. ಮನೆಯಲ್ಲಿ ಆಸ್ತಮಾ ಇದ್ದವರು ಇದ್ದರೆ ಮೇಲಿನ ಕೋನಾದಲ್ಲಿ ಕೊಳ್ಳುವ ಮೊದಲು ಕೆಲವು ತಿಂಗಳಾದರೂ ಬಾಡಿಗೆಗೆ ಇದ್ದು ನೋಡಲೇಬೇಕು.

ಪೂರ್ವದ ಕಡೆಯ ಎರಡು ಉಪದ್ರವಗಳನ್ನು ಏಜೆಂಟರು ತಾವಾಗಿ ಹೇಳುವುದು ಕಡಿಮೆ. ಒಂದು, ಕೋಕಿ ಕಪ್ಪೆ. ಹೆಬ್ಬೆರಳ ತುದಿಯಷ್ಟಿದ್ದರೂ ಕತ್ತಲಾದ ಮೇಲೆ ನೂರಾರು ಒಟ್ಟಿಗೆ ಕೂಗಿದರೆ ಕಿಟಕಿ ತೆರೆದು ಮಲಗುವುದು ಕಷ್ಟ. ಹಗಲು ಮನೆ ನೋಡಿದವರು ರಾತ್ರಿ ಎಂಟಕ್ಕೆ ಮತ್ತೊಮ್ಮೆ ಹೋಗಿ ನಿಲ್ಲಬೇಕು. ಇನ್ನೊಂದು, ಕಿರು ಬೆಂಕಿ ಇರುವೆ: ಒಂದೂವರೆ ಮಿಲಿಮೀಟರಿನ ಕಿತ್ತಳೆ ಬಣ್ಣದ್ದು, ಮರದಿಂದ ಉದುರಿ ಕುತ್ತಿಗೆ ಕಚ್ಚುತ್ತದೆ, ಸಾಕುಪ್ರಾಣಿಗಳ ಕಣ್ಣು ಕೆಡಿಸುತ್ತದೆ. ಪತ್ತೆ ಹಚ್ಚುವುದು ಸುಲಭ. ಚಾಪ್‌ಸ್ಟಿಕ್‌ಗಳ ತುದಿಗೆ ತೆಳ್ಳಗೆ ಪೀನಟ್ ಬಟರ್ ಸವರಿ, ಗಿಡಗಳ ಬುಡದ ನೆರಳಲ್ಲಿ, ಎಲೆಗಳ ಸಂದಿಯಲ್ಲಿ ಒಂದು ಗಂಟೆ ಇಡಿ. ಇದ್ದರೆ ಬಂದು ಮುತ್ತುತ್ತವೆ. ಮಾಲೀಕರ ಒಪ್ಪಿಗೆ ಪಡೆದು, ಮಳೆಯಿಲ್ಲದ ಹೊತ್ತಿನಲ್ಲಿ ಮಾಡಿ.

ಇನ್ನು ವಿಳಾಸ. ಆಸ್ತಿಯ ಟಿಎಂಕೆ ಸಂಖ್ಯೆ, ಅಂದರೆ ತೆರಿಗೆ ನಕ್ಷೆಯಲ್ಲಿ ಅದರ ಗುರುತು ಸಂಖ್ಯೆ, ಕೇಳಿ. ಮೊದಲ ಅಂಕಿ 3 ಈ ದ್ವೀಪದ್ದು. ಎರಡನೆಯದು ಜಿಲ್ಲೆ: ಪುನಾ 1, ದಕ್ಷಿಣ ಹೀಲೋ 2, ಉತ್ತರ ಕೋನಾ 7, ದಕ್ಷಿಣ ಕೋನಾ 8. ಜಾಹೀರಾತಿನಲ್ಲಿ ‘ಹೀಲೋ ಹತ್ತಿರ’ ಅಂದಿದ್ದು ಎರಡನೇ ಅಂಕಿ 1 ಆಗಿದ್ದರೆ ಅದು ಪುನಾ. ಬೆಲೆ ಕಡಿಮೆ ಯಾಕೆ ಎಂಬುದಕ್ಕೆ ಉತ್ತರ ಬಹುಪಾಲು ಅಲ್ಲೇ ಇರುತ್ತದೆ. ಅಮೆರಿಕದ ಭೂವಿಜ್ಞಾನ ಇಲಾಖೆ ದ್ವೀಪವನ್ನು 1ರಿಂದ 9ರವರೆಗೆ ಲಾವಾ ವಲಯಗಳಾಗಿ ವಿಂಗಡಿಸಿದೆ, 1 ಅತಿ ಅಪಾಯದ್ದು. ಹೀಲೋ ಪಟ್ಟಣ ಬಹುಪಾಲು 3, ಕೈಲುವಾ-ಕೋನಾ ಹುವಲಾಲೈ ಜ್ವಾಲಾಮುಖಿ ಪರ್ವತದ ಮೇಲಿರುವುದರಿಂದ 4. ಪುನಾದ ಬಹಳಷ್ಟು ಭಾಗ 1 ಮತ್ತು 2. 2018ರಲ್ಲಿ ಅಲ್ಲಿನ ಲೈಲಾನಿ ಎಸ್ಟೇಟ್ಸ್ ಸುತ್ತಮುತ್ತ 700ಕ್ಕೂ ಹೆಚ್ಚು ಕಟ್ಟಡಗಳನ್ನು ಲಾವಾ ನುಂಗಿತು. ಕೋನಾ ಎಂದರೆ ಸುರಕ್ಷಿತ ಅಂತಲೂ ತಿಳಿಯಬೇಡಿ: 1950ರಲ್ಲಿ ಮೌನಾ ಲೋವಾದ ಲಾವಾ ದಕ್ಷಿಣ ಕೋನಾದಲ್ಲಿ ಕೆಲವೇ ಗಂಟೆಗಳಲ್ಲಿ ಕಡಲು ಮುಟ್ಟಿತ್ತು. 1 ಮತ್ತು 2ನೇ ವಲಯಗಳಲ್ಲಿ ಸಾಮಾನ್ಯ ವಿಮಾ ಕಂಪನಿಗಳು ಹಿಂಜರಿಯುತ್ತವೆ, ವಿಮೆ ಇಲ್ಲದೆ ಬ್ಯಾಂಕ್ ಸಾಲ ಇಲ್ಲ. ಆಫರ್ ಕೊಡುವ ಮೊದಲೇ ವಿಮೆಯ ದರ ಲಿಖಿತವಾಗಿ ತರಿಸಿಕೊಳ್ಳಿ. ಚಂಡಮಾರುತಕ್ಕೂ ನೆರೆಗೂ ಪ್ರತ್ಯೇಕ ಪಾಲಿಸಿ ಬೇಕು. ರಾಷ್ಟ್ರೀಯ ನೆರೆ ವಿಮೆಗೆ, ಸಾಲದ ಜೊತೆಗೇ ಕೊಳ್ಳದಿದ್ದರೆ, ಸಾಮಾನ್ಯವಾಗಿ 30 ದಿನ ಕಾಯಬೇಕು.

ಸುನಾಮಿ ನಕ್ಷೆ ನೋಡಿಯೇ ಮುಂದುವರಿಯಿರಿ. ಹೀಲೋ ಕೊಲ್ಲಿ 1946ರಲ್ಲೂ 1960ರಲ್ಲೂ ಹೊಡೆತ ತಿಂದಿದೆ. ಎರಡನೆಯದರಲ್ಲಿ 61 ಜನ ಸತ್ತರು. ಕೊಲ್ಲಿಯಂಚಿನಲ್ಲಿ ಇಂದು ಉದ್ಯಾನಗಳಿರುವುದು ಅದಕ್ಕೇ. 2011ರ ಜಪಾನ್ ಸುನಾಮಿ ಕೋನಾ ತೀರದಲ್ಲೂ ಹಾನಿ ಮಾಡಿತು.

ನೀರಿನ ಲೆಕ್ಕ ಕಾಗದದ ಮೇಲೆ ಹಾಕಿ. ಕೌಂಟಿಯ ನಲ್ಲಿ ನೀರು ಇಲ್ಲದ ಕಡೆ ಚಾವಣಿ ಮಳೆನೀರೇ ಗತಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರ್ ಚಾವಣಿಗೆ 3,000 ಮಿ.ಮೀ. ಅಂದರೆ 3 ಲಕ್ಷ ಲೀಟರ್. ನಾಲ್ವರ ಮನೆ, ತಲಾ ದಿನಕ್ಕೆ 200 ಲೀಟರ್ ಅಂದರೆ ವರ್ಷಕ್ಕೆ 2.92 ಲಕ್ಷ. ಹೀಲೋ ಕಡೆಯಲ್ಲೇ ಲೆಕ್ಕ ಅಂಚಿಗೆ ನಿಲ್ಲುತ್ತದೆ; 600 ಮಿ.ಮೀ. ಬೀಳುವಲ್ಲಿ ಸಿಗುವುದು 60 ಸಾವಿರ, ಉಳಿದದ್ದಕ್ಕೆ ಟ್ಯಾಂಕರ್. 10,000 ಗ್ಯಾಲನ್ ಟ್ಯಾಂಕ್, ಅಂದರೆ 38,000 ಲೀಟರ್, ಅದೇ ಮನೆಗೆ ಮಳೆಯಿಲ್ಲದ 47 ದಿನ ಬರುತ್ತದೆ. ಟ್ಯಾಂಕಿನ ಒಳಪದರ ಮತ್ತು ಮುಚ್ಚಳ ನೋಡಿ. ಫಿಲ್ಟರ್ ಸಾಲಾಗಿ 20 ಮೈಕ್ರಾನ್, 5 ಮೈಕ್ರಾನ್, ಕೊನೆಗೆ ರೋಗಾಣು ಕೊಲ್ಲುವ ಯುವಿ (ನೇರಳಾತೀತ) ದೀಪ ಇರಬೇಕು. ಕೆಸರು ನೀರಿನೊಳಗೆ ಯುವಿ ಬೆಳಕು ತೂರದು. ವಾಗ್‌ನಿಂದ ಹುಳಿಯಾದ ಮಳೆ ಹಳೆಯ ಚಾವಣಿಯ ಸೀಸವನ್ನು ಕರಗಿಸುತ್ತದೆ, ಆದ್ದರಿಂದ ಸೀಸದ ಪರೀಕ್ಷೆಯ ವರದಿ ಕೇಳಿ.

ಕೊಳಚೆ ಎಲ್ಲಿಗೆ ಹೋಗುತ್ತದೆ ಎನ್ನುವುದು ಇನ್ನೂ ದುಬಾರಿ ಪ್ರಶ್ನೆ. ಹೀಲೋದಲ್ಲೂ ಎಲ್ಲ ಬೀದಿಗಳಿಗೆ ಒಳಚರಂಡಿ ಇಲ್ಲ. ತಳ ಕಟ್ಟದ ಗುಂಡಿ, ಅಂದರೆ ಸೆಸ್‌ಪೂಲ್, ಇದ್ದರೆ 2017ರ ಕಾನೂನಿನ ಪ್ರಕಾರ 2050ರೊಳಗೆ ಬದಲಿಸಬೇಕು. ಗಟ್ಟಿ ಲಾವಾ ಬಂಡೆ ಒಡೆದು ಸೆಪ್ಟಿಕ್ ಕೂರಿಸಲು ಹತ್ತಾರು ಸಾವಿರ ಡಾಲರ್ ಬೀಳುತ್ತದೆ. ಆ ಮೊತ್ತ ಬೆಲೆಯಿಂದ ಕಳೆಯುವಂತೆ ಈಗಲೇ ಮಾತಾಡಿ. ಕೌಂಟಿಯಲ್ಲಿ ಕಟ್ಟಡದ ಪರ್ಮಿಟ್‌ಗಳನ್ನೂ ತೆಗೆಸಿ ನೋಡಿ: ಕಾರ್‌ಪೋರ್ಟ್ ಮುಚ್ಚಿ ಮಾಡಿದ ಮೂರನೇ ಕೋಣೆಗೆ ಪರ್ಮಿಟ್ ಇಲ್ಲದಿದ್ದರೆ ಬ್ಯಾಂಕ್ ಎರಡು ಕೋಣೆ ಎಂದೇ ಎಣಿಸಬಹುದು. ಕಾಂಡೋ ಅಗ್ಗಕ್ಕೆ ಸಿಕ್ಕರೆ ನೆಲ ಲೀಸ್‌ಹೋಲ್ಡಾ, ಅಂದರೆ ಗುತ್ತಿಗೆಯದಾ, ಎಂದು ಕೇಳಿ. ಲೀಸ್ ಮುಗಿಯುವ ವರ್ಷ ನಿಮ್ಮ ಸಾಲ ಮುಗಿಯುವ ವರ್ಷಕ್ಕಿಂತ ಬಹಳ ಮುಂದೆ ಇರಬೇಕು.

ಕೆಲಸದ ಕಟ್ಟು ಇಲ್ಲದವರಿಗೆ ನನ್ನ ಒಲವು ಹೀಲೋ ಕಡೆಗೆ: ಸುನಾಮಿ ಗೆರೆಯಿಂದ ಮೇಲೆ, ಕೌಂಟಿ ನೀರು ಇರುವ, ನೆಲದಡಿ ಗಾಳಿಯಾಡುವ ಮನೆ. ಬೆಲೆ ಕೋನಾಕ್ಕಿಂತ ಕಡಿಮೆ, ಕೌಂಟಿಯ ಕೆಲಸಗಳೆಲ್ಲ ಹತ್ತಿರ. ಮಳೆ ಒಗ್ಗದವರಿಗೆ ಮಾತ್ರ ಇದು ಸಲ್ಲದು, ಅವರು ಕೋನಾದ ಹೆಚ್ಚಿನ ಬೆಲೆ ಕೊಡುವುದೇ ಸರಿ.

ಎರಡು ಮನಸ್ಸಿದ್ದರೆ ಮೊದಲು ಬಾಡಿಗೆಗೆ ಹೋಗಿ. ರಾಜ್ಯದ ಕಾನೂನಿನಂತೆ ಠೇವಣಿ ಒಂದು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಸಾಕುಪ್ರಾಣಿ ಇದ್ದರೆ ಇನ್ನೊಂದು ತಿಂಗಳದ್ದು ಸೇರಬಹುದು. ಮಾಲೀಕರು ಬಾಡಿಗೆ ಆದಾಯದ ಮೇಲಿನ ತಮ್ಮ ಜಿಇಟಿ (ರಾಜ್ಯದ ಸಾಮಾನ್ಯ ಎಕ್ಸೈಸ್) ತೆರಿಗೆಯನ್ನು ಒಪ್ಪಂದದಲ್ಲಿ ಬರೆದು ನಿಮ್ಮಿಂದ ಪಡೆಯಬಹುದು, ಈ ಕೌಂಟಿಯಲ್ಲಿ ಗರಿಷ್ಠ 4.712 ಶೇಕಡಾ, 2,000 ಡಾಲರ್ ಬಾಡಿಗೆಗೆ 94 ಡಾಲರ್ ಹೆಚ್ಚುವರಿ. ತಿಂಗಳಿಂದ ತಿಂಗಳಿಗೆ ನಡೆಯುವ ಒಪ್ಪಂದವಾದರೆ ಬಿಡಲು ನೀವು 28 ದಿನ ಮೊದಲು ತಿಳಿಸಬೇಕು, ಬಿಡಿಸಲು ಮಾಲೀಕರು 45 ದಿನ ಮೊದಲು.