ಓನರ್ ಆಂಟಿ ಸಂಡಿಗೆ ಹತ್ರ ನಮ್ಮನೆ ಹುಳ

ಶನಿವಾರ ಸಂಜೆ ಕೆಲ್ಸ ಮುಗಿಸ್ಕೊಂಡು ಬಂದು ಗೇಟ್ ತೆಗೀತಿದ್ದಂಗೆ ಓನರ್ ಆಂಟಿ ಮೆಟ್ಲ ಮೇಲೇ ನಿಂತಿದ್ರು. ಕೈಯಲ್ಲಿ ಸ್ಟೀಲ್ ತಟ್ಟೆ, ತಟ್ಟೇಲಿ ಅರ್ಧಂಬರ್ಧ ಒಣಗಿದ ಅಕ್ಕಿ ಸಂಡಿಗೆ, ಅದ್ರ ಪಕ್ಕ ಒಂದು ಹುಳ. ಉಗುರಿಗಿಂತ ಸ್ವಲ್ಪ ಉದ್ದ, ಕಂದು ಬಣ್ಣ, ಚಪ್ಪಟೆ, ಪಾಪ ಅದ್ರ ಪಾಡಿಗದು ಸಂಡಿಗೆ ಕಡೆ ಹೊರಟಿತ್ತು. "ಇದು ನಿಮ್ಮನೇದು ನೋಡಮ್ಮ" ಅಂದ್ರು. ಅಲ್ಲ ಅನ್ನೋಕೆ ನನ್ನತ್ರ ಏನೂ ಇರ್ಲಿಲ್ಲ, ಯಾಕಂದ್ರೆ ಅಡುಗೆ ಮನೆ ಕಸ ಗೊಬ್ಬರ ಆಗ್ಲಿ ಅಂತ ಟೆರೇಸಲ್ಲಿ ನೀರಿನ ಟ್ಯಾಂಕ್ ಪಕ್ಕ ಇಟ್ಟಿದ್ದ ನನ್ನ ಹಳೇ ಪೇಂಟ್ ಬಕೆಟ್ಟಿಂದ ಸಂಡಿಗೆ ಹಾಸಿದ್ದ ಸೀರೆವರ್ಗೂ ಹುಳಗಳು ಒಂದೇ ಲೈನಲ್ಲಿ ಮೆರವಣಿಗೆ ಹೊರಟಿದ್ವಂತೆ. ನಾಳೆ ಸಂಜೆಯೊಳಗೆ ಬಕೆಟ್ ಖಾಲಿ ಆಗ್ಬೇಕು, ಇಲ್ಲಾಂದ್ರೆ ಅವ್ರೇ ಎತ್ತಿ ರೋಡಿಗೆ ಹಾಕ್ತಾರಂತೆ. ಇದು ಹೋದ ವರ್ಷ ಮಾರ್ಚಲ್ಲಿ ನಡೆದಿದ್ದು.

ಬಕೆಟ್ ಅಲ್ಲಿಗೆ ಯಾಕೆ ಹೋಯ್ತು ಅಂತ ಹೇಳ್ಬೇಕು. ನಾವಿರೋದು ದಾವಣಗೆರೆ ನಿಟುವಳ್ಳೀಲಿ, ಎರಡು ರೂಮಿನ ಬಾಡಿಗೆ ಮನೆ, ನಾನು ಡಿಟಿಪಿ ಅಂಗಡೀಲಿ ಟೈಪಿಂಗ್, ನಮ್ಮನೆಯವ್ರದ್ದು ಆಟೋ, ಮಗಳು ಐದನೇ ಕ್ಲಾಸು. ಕಸದ ಗಾಡಿ ಬರೋದು ಬೆಳಗ್ಗೆ ಏಳೂವರೆ ಸುಮಾರಿಗೆ, ನಾನಾಗ ಒಂದು ಕೈಯಲ್ಲಿ ಚಪಾತಿ ಲಟ್ಟಿಸ್ತಾ ಇನ್ನೊಂದು ಕೈಯಲ್ಲಿ ಮಗಳ ಜಡೆ ಹಿಡ್ಕೊಂಡಿರ್ತೀನಿ, ನಲ್ಲಿ ನೀರು ಬಂದ ದಿನ ಆದ್ರಂತೂ ಕೇಳ್ಲೇಬೇಡಿ. ಗಾಡಿ ಸದ್ದು ಕೇಳಿ ಓಡಿ ಹೋಗೋಷ್ಟ್ರಲ್ಲಿ ಅದು ಕ್ರಾಸ್ ತಿರುಗಿರುತ್ತೆ. ಎರಡು ದಿನ ತಪ್ಪಿದ್ರೆ ಅಡುಗೆ ಮನೆ ಮೂಲೆ ನಾರುತ್ತೆ. ಪರಿಸರ ಉಳಿಸ್ಬೇಕು ಅನ್ನೋ ದೊಡ್ಡ ಯೋಚ್ನೆ ಆಮೇಲೆ ಬಂದಿದ್ದು, ಮೊದ್ಲು ಬಂದಿದ್ದು ವಾಸ್ನೆ.

ಫೋನಲ್ಲಿ ಹುಡುಕ್ದೆ. ಮನೇಲೇ ಗೊಬ್ಬರ ಮಾಡೋ ಡಬ್ಬಿ, ಒಂದ್ರ ಮೇಲೊಂದು ಕೂರೋದು, ಕೆಳಗೊಂದು ಪುಟ್ಟ ನಲ್ಲಿ, ಜೊತೆಗೆ ಯಾವ್ದೋ ಪೌಡರ್, ಒಟ್ಟು ಸಾವಿರದ ಎಂಟ್ನೂರು ಚಿಲ್ರೆ. ಅದ್ರ ಕೆಳಗೇ ಬಿದಿರಿನ ಟೂತ್ ಬ್ರಷ್ಷು, ನಾಲ್ಕಕ್ಕೆ ಮುನ್ನೂರು. ಈ ಪರಿಸರ ಸ್ನೇಹಿ ಸಾಮಾನು ಮಾಡೋರಿಗೆ ನಮ್ಮಂಥವ್ರು ಗಿರಾಕಿಗಳ ಲಿಸ್ಟಲ್ಲೇ ಇಲ್ಲ ಅನ್ಸುತ್ತೆ, ನಾವು ಇಪ್ಪತ್ತು ರೂಪಾಯಿ ಬ್ರಷ್ಷನ್ನ ಹಲ್ಲಿಗೆ ಆರು ತಿಂಗ್ಳು ಬಳಸಿ, ಆಮೇಲೆ ಬಾಚಣಿಗೆ ತಿಕ್ಕೋಕೆ ಇನ್ನೊಂದು ವರ್ಷ ಇಟ್ಕೊಳ್ಳೋ ಜನ. ನಮ್ ಬೀದಿ ಪೇಂಟರ್ ಹತ್ರ 20 ಲೀಟರಿಂದು ಎರಡು ಖಾಲಿ ಬಕೆಟ್ ನೂರು ರೂಪಾಯಿಗೆ ಸಿಕ್ತು. ಸ್ಕ್ರೂಡ್ರೈವರ್ ಗ್ಯಾಸಲ್ಲಿ ಕಾಯಿಸಿ ತೂತು ಹೊಡೆದೆ, ಆ ಪ್ಲಾಸ್ಟಿಕ್ ಸುಟ್ಟ ಹೊಗೆ ನೋಡಿ ನಮ್ಮನೆಯವ್ರು "ಇದೇನಾ ನಿನ್ನ ಪರಿಸರ" ಅಂತ ಕಿಟಕಿ ತೆಗೆದ್ರು.

ತಪ್ಪು ಮಾಡಿದ್ದು ಆಮೇಲೆ. ಶಿವರಾತ್ರಿಗೂ ಮುಂಚೆ ಶುರು ಮಾಡಿದ್ದೆ, ಕಲ್ಲಂಗಡಿ ಸೀಸನ್ ಬೇರೆ, ಸಿಪ್ಪೆ ಎಲ್ಲಾ ಬಕೆಟ್ಟಿಗೆ. ಉಳಿದ ಸಾರು, ಮೊಸರನ್ನ, ಟೀ ಚರಟ, ಎಲ್ಲಾ ಬಕೆಟ್ಟಿಗೆ. ಒಣದು ಅಂತ ಒಂದು ಕಡ್ಡೀನೂ ಹಾಕ್ಲಿಲ್ಲ. ಒಂದು ತಿಂಗ್ಳಲ್ಲಿ ಅದು ಗೊಬ್ಬರ ಆಗೋ ಬದ್ಲು ಹಳಸಿದ ಗಂಜಿ ಆಗಿತ್ತು, ತೂತಿಂದ ಕಪ್ಪು ನೀರು ಸೋರಿ ಟೆರೇಸಿಗೆ ಕಲೆ.

ಭಾನುವಾರ ಬೆಳಗ್ಗೆ ಪರ್ಸಲ್ಲಿದ್ದಿದ್ದು ಮುನ್ನೂರ ನಲವತ್ತು ರೂಪಾಯಿ, ಸಂಬಳಕ್ಕೆ ಇನ್ನೂ ಒಂಬತ್ತು ದಿನ. ಬಕೆಟ್ಟಿಗೆ ಒಣದು ಬೆರೆಸೋಕೆ ಅಂತ ಕೋಕೋಪೀಟು (ತೆಂಗಿನ ನಾರಿನ ಪುಡಿ), ಆ ಪೌಡರು ಎಲ್ಲಾ ತಗೊಂಡ್ರೆ ಅಷ್ಟೂ ಖಾಲಿ. ರೋಡ್ ಸೈಡಲ್ಲಿ ಹೊಂಗೆ ಎಲೆ ಉದುರೋ ಟೈಮು ಅಂತ ಅಕ್ಕಿ ಚೀಲ ಹಿಡ್ಕೊಂಡು ಹೋದ್ರೆ ಆಗ್ಲೇ ಯಾರೋ ಗುಡಿಸಿ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ರು. ಉರೀತಿರೋ ಗುಡ್ಡೆ ಅಂಚಿಂದ ಕಾಲಲ್ಲಿ ಎಳ್ಕೊಂಡು ಅರ್ಧ ಚೀಲ ತುಂಬಿದೆ. ವಾಕಿಂಗ್ ಹೋಗ್ತಿದ್ದ ಇಬ್ರು ನಿಂತು ನೋಡಿದ್ರು, ಏನೂ ಕೇಳ್ಲಿಲ್ಲ, ಅದೇ ಹೆಚ್ಚು ನಾಚ್ಕೆ ಆಯ್ತು.

ಮಂಡಕ್ಕಿ ಹುರಿಯೋ ಭಟ್ಟಿ ನೆನಪು ಮಾಡಿದ್ದು ನಮ್ಮನೆಯವ್ರು. ಭಟ್ಟೀಲಿ ಭತ್ತದ ಹೊಟ್ಟು ರಾಶಿ ಬಿದ್ದಿರುತ್ತೆ, ಯಾರಿಗೂ ಬೇಡ, ಬಾ ತುಂಬ್ಕೊಂಡು ಬರೋಣ ಅಂದ್ರು. ಆಟೋ ಹತ್ತಿದ್ವಿ.

ದಾವಣಗೆರೇಲಿ ಹುಟ್ಟಿ ಬೆಳೆದ್ರೂ ನಾನು ಭಟ್ಟಿ ಒಳಗೆ ಕಾಲಿಟ್ಟಿದ್ದು ಅವತ್ತೇ ಫಸ್ಟು. ಮಂಡಕ್ಕಿ ಮಿರ್ಚಿ ತಿಂದಿದ್ದಕ್ಕೆ ಮಾತ್ರ ಲೆಕ್ಕ ಇಲ್ಲ. ಹೊರಗಡೆ ಬಯಲಲ್ಲಿ ಬೇಯಿಸಿದ ಭತ್ತ ಹರವಿದ್ರು, ಒಬ್ಬ ಹೆಂಗ್ಸು ಬರಿಗಾಲಲ್ಲಿ ಅದ್ರ ಮಧ್ಯ ನಡೀತಾ ಗೆರೆ ಎಳೀತಿದ್ಲು, ಎಲ್ಲಾ ಕಡೆ ಬಿಸ್ಲು ಬೀಳ್ಲಿ ಅಂತ. ಒಳಗೆ ಒಲೆ ಮುಂದೆ ನಿಲ್ಲೋಕಾಗಲ್ಲ ಅಷ್ಟು ಝಳ, ಗೋಡೆ ಸೂರು ಎಲ್ಲಾ ಮಸಿ. ಉಪ್ಪುನೀರು ಸವರಿದ ಅಕ್ಕೀನ ಕಾದ ಮರಳಿಗೆ ಸುರಿದ್ರೆ ಒಂದು ಕ್ಷಣ ಏನೂ ಆಗಲ್ಲ, ಆಮೇಲೆ ಇದ್ದಕ್ಕಿದ್ದಂಗೆ ಇಡೀ ಬಾಣಲೆ ಬೆಳ್ಳಗಾಗಿ ಮೇಲೆದ್ದು ಬರುತ್ತೆ, ತಕ್ಷಣ ಜರಡಿಗೆ ಎತ್ತಿ ಒದರಿದ್ರೆ ಮರಳು ಕೆಳಗೆ ಮಂಡಕ್ಕಿ ಮೇಲೆ. ನಾನು ಬಂದ ಕೆಲ್ಸ ಮರೆತು ನೋಡ್ತಾ ನಿಂತಿದ್ದೆ.

ಹೊಟ್ಟು ಬೇಕಿತ್ತು, ಬಿಸಾಡೋದು ಇದ್ರೆ ಕೊಡ್ತೀರಾ ಅಂದೆ. ಒಲೆ ಮುಂದೆ ಕೂತಿದ್ದ ಯಜಮಾನ್ರು ನಕ್ಕರು. "ಬಿಸಾಡೋದಾ? ಅದೇ ನಮ್ ಸೌದೆ ಕಣಮ್ಮ" ಅಂತ ಒಂದು ಬೊಗಸೆ ಹೊಟ್ಟು ಒಲೆ ಬಾಯಿಗೆ ಎರಚಿದ್ರು, ಭುಗ್ ಅಂತು. ಕ್ವಿಂಟಲ್ ಭತ್ತಕ್ಕೆ 20 ಕೆಜಿ ಆಸುಪಾಸು ಹೊಟ್ಟು ಬರುತ್ತೆ, ಅದೂ ಸಾಲಲ್ಲ, ಮಿಲ್ಲಿಂದ ಕೊಂಡ್ಕೊಂಡು ಬರ್ಬೇಕು ಅಂದ್ರು. ಭದ್ರಾ ನಾಲೆ ನೀರಲ್ಲಿ ಬೆಳೆದ ಭತ್ತ, ಅಕ್ಕಿ ಉಬ್ಬಿ ಮಂಡಕ್ಕಿ ಆಗುತ್ತೆ, ಅದನ್ನ ಉಬ್ಬಿಸೋ ಬೆಂಕಿ ಅದ್ರದ್ದೇ ಸಿಪ್ಪೇದು. ಪುಕ್ಕಟೆ ಕಸ ಕೇಳೋಕೆ ಬಂದ ನಾನು ಅಲ್ಲಿ ಕಸಾನೇ ಇಲ್ಲ ಅಂತ ತಿಳ್ಕೊಂಡು ಸುಮ್ನಾದೆ. ಕೊನೆಗೆ ಒಂದು ಚೀಲ ಹೊಟ್ಟಿಗೆ ನಲವತ್ತು ರೂಪಾಯಿ ತಗೊಂಡ್ರು. ಬೂದಿ ಮಾತ್ರ ಬೇಕಾದಷ್ಟು ಒಯ್ಯಿ ಅಂದ್ರು, ಅದೊಂದೇ ಅವ್ರಿಗೆ ತಲೆನೋವು.

ಭತ್ತ ತುಳೀತಿದ್ದ ಹೆಂಗ್ಸು ಚೀಲ ಹಿಡಿಯೋಕೆ ಬಂದ್ಲು. ಯಾಕೆ ಹೊಟ್ಟು ಅಂದ್ಲು, ಹೇಳ್ದೆ. "ಮೊಸ್ರನ್ನ ಹಾಕಿದ್ರಾ? ತಿಪ್ಪೆಗೆ ಯಾರಾದ್ರೂ ಮೊಸ್ರನ್ನ ಹಾಕ್ತಾರೇನ್ರಿ, ಅದೇನು ಹಸಿದೈತಾ?" ಅಂತ ಬಾಯಿಗೆ ಸೆರಗು ಮುಚ್ಕೊಂಡು ನಕ್ಲು. ಒಂದು ಹಿಡಿ ಸಗಣಿ ಕಲ್ಸಿ, ಮೇಲೆ ಒಣದು ಮುಚ್ಚಿ, ಮೂರು ದಿನಕ್ಕೊಂದ್ಸಲ ಕೆದಕಿ, ಅಷ್ಟೇ ನೋಡ್ರಿ ಅಂದ್ಲು. ಫೋನಲ್ಲಿ ಇಪ್ಪತ್ತು ನಿಮಿಷದ ವಿಡಿಯೋದಲ್ಲಿ ಕಾರ್ಬನ್ನು ನೈಟ್ರೋಜನ್ನು 30ಕ್ಕೆ 1 ಅಂತ ಹೇಳಿದ್ದು ಇದನ್ನೇ. ಹಸಿ ಕಸದಲ್ಲಿ ನೈಟ್ರೋಜನ್ ಜಾಸ್ತಿ, ಒಣ ಎಲೆ ಹೊಟ್ಟಲ್ಲಿ ಕಾರ್ಬನ್ ಜಾಸ್ತಿ, ಬರೀ ಹಸಿ ಹಾಕಿದ್ರೆ ಗಾಳಿ ಆಡಲ್ಲ, ಗಾಳಿ ಇಲ್ದಿದ್ರೆ ನಾರುತ್ತೆ. ಕೈ ಅಳತೇಲಿ ಒಂದು ಬೊಗಸೆ ಹಸಿಗೆ ಎರಡು ಬೊಗಸೆ ಒಣದು.

ಮಧ್ಯಾಹ್ನ ಟೆರೇಸಲ್ಲಿ ಆಪರೇಷನ್. ಯಾರದ್ದೋ ಹುಟ್ಟುಹಬ್ಬದ ಹಳೇ ಫ್ಲೆಕ್ಸ್ ಇತ್ತು ಮನೇಲಿ, ಅದನ್ನ ಹಾಸಿ ಲೀಡರ್ ನಗುಮುಖದ ಮೇಲೇ ಬಕೆಟ್ ಬೋರಲು ಹಾಕಿದ್ವಿ. ಆ ವಾಸ್ನೆ ಬಗ್ಗೆ ಬರೆಯಲ್ಲ. ಮೂಗಿಗೆ ಟವೆಲ್ ಕಟ್ಕೊಂಡು ಎಲೆ, ಹೊಟ್ಟು, ರಸ್ತೆ ಹಸು ದಯಪಾಲಿಸಿದ ಸಗಣಿ ಎಲ್ಲಾ ಕಲ್ಸಿದ್ವಿ. ಪುಕ್ಕಟೆ ಸಿಕ್ತಲ್ಲ ಅಂತ ಬೂದಿ ಕೈಬಿಚ್ಚಿ ಸುರಿದೆ, ಸ್ವಲ್ಪ ಹೊತ್ತಿಗೆ ಕಣ್ಣುರಿಯೋ ಘಾಟು, ಮಗಳು ಕೆಮ್ತಾ ಕೆಳಗೆ ಓಡಿದ್ಲು. ಬೂದಿ ಕ್ಷಾರ, ಜಾಸ್ತಿ ಆದ್ರೆ ನೈಟ್ರೋಜನ್ನು ಅಮೋನಿಯಾ ಆಗಿ ಹಾರಿಹೋಗುತ್ತಂತೆ, ಇದೂ ಆಮೇಲೆ ಓದಿದ್ದು. ಪುಕ್ಕಟೆ ಅಂದ್ರೆ ನಂಗೆ ಕೈ ನಿಲ್ಲಲ್ಲ, ಅದು ನನ್ನ ದೋಷ.

ಹುಳದ ವಿಷ್ಯಾನೂ ರಾತ್ರಿ ಹುಡುಕಿ ನೋಡ್ದೆ. ಬ್ಲಾಕ್ ಸೋಲ್ಜರ್ ಫ್ಲೈ ಅಂತ ನೊಣದ ಮರಿ, ಕಸ ತಿನ್ನೋದ್ರಲ್ಲಿ ನಂಬರ್ ಒನ್, ದೊಡ್ಡದಾದ ನೊಣ ಕಚ್ಚಲ್ಲ, ನಮ್ಮ ಅನ್ನದ ತಟ್ಟೆ ಮೇಲೂ ಬಂದು ಕೂರಲ್ಲ. ಹುಳ ಬಲಿತು ಕಂದುಗಪ್ಪಾದ್ಮೇಲೆ ತಿನ್ನೋದು ಬಿಟ್ಟು, ಕೋಶ ಆಗಿ ನೊಣ ಆಗೋಕೆ ಒಣಗಿರೋ, ಮರೆ ಇರೋ ಜಾಗ ಹುಡ್ಕೊಂಡು ಹೊರಡುತ್ತಂತೆ. ಮಾರ್ಚ್ ಬಿಸಿಲಲ್ಲಿ ಇಡೀ ಟೆರೇಸಲ್ಲಿ ಅದಕ್ಕೆ ಸಿಕ್ಕ ಅಂಥ ಜಾಗ ಆಂಟಿ ಹಾಸಿದ್ದ ಸೀರೆ. ಇದನ್ನ ಆಂಟಿಗೆ ವಿವರಿಸೋ ಧೈರ್ಯ ನಂಗೆ ಇವತ್ತಿಗೂ ಬಂದಿಲ್ಲ.

ಸಂಜೆ ಆಂಟಿ ಬಂದು ಬಕೆಟ್ ಮುಚ್ಚಳ ತೆಗೆದು ಬಗ್ಗಿ ನೋಡಿದ್ರು, ಮೂಸಿದ್ರು. ಮೇಲೆಲ್ಲಾ ಹೊಟ್ಟು, ಭತ್ತದ ಕಣದ ವಾಸ್ನೆ. ಸುಮಾರು ಹೊತ್ತು ಯೋಚ್ನೆ ಮಾಡಿ, ಸಂಡಿಗೆ ಹಪ್ಪಳ ಮುಗಿಯೋವರ್ಗೂ ಮೇಲೆ ಕಾಣ್ಬಾರ್ದು ಅಂದ್ರು. ಹಂಗಾಗಿ ಎರಡೂ ಬಕೆಟ್ಟು ಯುಗಾದಿ ಕಳೆಯೋವರ್ಗೂ ನಮ್ಮ ಬಚ್ಚಲಲ್ಲಿದ್ವು, ಅವನ್ನ ದಾಟ್ಕೊಂಡೇ ಸ್ನಾನ. ನೂರು ರೂಪಾಯಿ ಬಕೆಟ್ಟು, ನಲವತ್ತು ರೂಪಾಯಿ ಹೊಟ್ಟು, ಇದನ್ನ ಹೆಂಗೋ ಹೊಂದಿಸ್ಬೋದು. ಹೊಂದ್ಸೋಕಾಗದೇ ಇರೋದು ಎರಡು ಅಡಿ ಜಾಗ. ಗೊಬ್ಬರ ಮಾಡಿ, ಸೋಲಾರ್ ಹಾಕ್ಸಿ, ಮಳೆ ನೀರು ಹಿಡೀರಿ ಅಂತ ಹೇಳೋರೆಲ್ಲ ಸ್ವಂತ ಮನೆಯವ್ರೇ ಅನ್ಸುತ್ತೆ, ನಮಗೆ ಗೋಡೆಗೊಂದು ಮೊಳೆ ಹೊಡೀಬೇಕಾದ್ರೂ ಪರ್ಮಿಷನ್ ಬೇಕು.

ಜೂನ್ ಕೊನೇಲಿ, ಒಂದೆರಡು ಮಳೆ ಆದ್ಮೇಲೆ ಜರಡಿ ಹಿಡಿದೆ. ಎರಡು ಬಕೆಟ್ಟಿಂದ ನಾಲ್ಕು ಕೆಜಿ ಹತ್ರ ಬಂತು, ಕಪ್ಪಗೆ, ಕೈಗೆ ಅಂಟದ ಮಣ್ಣು. ಹೊಟ್ಟು ಮಾತ್ರ ಹಾಕಿದಂಗೇ ಇತ್ತು, ಬಂಗಾರದ ಬಣ್ಣ ಕೂಡ ಹೋಗಿಲ್ಲ, ಅದ್ರಲ್ಲಿ ಸಿಲಿಕಾ ಜಾಸ್ತಿ, ಅಷ್ಟು ಬೇಗ ಕೊಳೆಯಲ್ಲ. ಅದನ್ನ ಜರಡಿ ಮೇಲಿಂದ ಎತ್ತಿ ಮತ್ತೆ ಬಕೆಟ್ಟಿಗೇ ಹಾಕ್ದೆ, ನಲವತ್ತು ರೂಪಾಯಿ ಎರಡನೇ ಸಲಾನೂ ದುಡೀಲಿ ಅಂತ. ಹಳೇ ಅಕ್ಕಿ ಚೀಲಕ್ಕೆ ಮಣ್ಣು ಗೊಬ್ಬರ ತುಂಬಿ ಮೆಂತ್ಯ ಚೆಲ್ಲೋಣ ಅಂತ ಕೆಳಗೆ ಹೋಗಿ ಡಬ್ಬಿ ತರೋಷ್ಟ್ರಲ್ಲಿ ಆಂಟಿ ಮೊರ ಹಿಡ್ಕೊಂಡು ಮೇಲೆ ಬಂದಿದ್ರು. ಸರಿಯಾಗಿ ಅರ್ಧ ಗೊಬ್ಬರ ಮೊರಕ್ಕೆ ಬಾಚ್ಕೊಂಡು ಅವ್ರ ಮಲ್ಲಿಗೆ ಕುಂಡದ ಕಡೆ ಹೊರಟಿದ್ರು. ನಾನು ಡಬ್ಬಿ ಹಿಡ್ಕೊಂಡು ನಿಂತಿದ್ದು ನೋಡಿ ಅಂದ್ರು, "ಟೆರೇಸ್ ನಂದಲ್ವಾ?"